ಅಟ್ಲಾಂಟಾದಲ್ಲಿ ಎಸ್‌ಇಸಿ ಅಮೆರಿಕನ್ ಫುಟ್‌ಬಾಲ್ ಫೈನಲ್ ನೋಡಲು ಹೋಗುವವರಿಗೆ

ಮೊದಲು ಗಡಿಯಾರದ ವಿಷಯ. ನಾವು ಹೊರಟಿದ್ದು ಅಲಬಾಮಾದ ಹಂಟ್ಸ್‌ವಿಲ್‌ನಿಂದ, ಕಾರಿನಲ್ಲಿ. ಅಟ್ಲಾಂಟಾದ ಟೈಮ್ ನಮಗಿಂತ ಒಂದು ಗಂಟೆ ಮುಂದೆ. ಗೊತ್ತಿದ್ದೂ ಮರೆತೆ. ಜಾರ್ಜಿಯಾ ರಾಜ್ಯದ ಅಥೆನ್ಸ್‌ನಲ್ಲಿ ಓದುವ ಅಣ್ಣನ ಮಗ ಸ್ಟೇಡಿಯಂ ಹೊರಗೆ ಕಾದು ಸಾಕಾಗಿ, "ಚಿಕ್ಕಪ್ಪಾ, ಎಲ್ಲಿದ್ದೀಯಾ?" ಎಂದು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ.

ಅವನ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡ 2024ರ ಡಿಸೆಂಬರ್ 7ರಂದು ಟೆಕ್ಸಾಸ್ ಮೇಲೆ ಫೈನಲ್ ಆಡಿತು. ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಅಂದರೆ ತಮ್ಮತಮ್ಮಲ್ಲಿ ಆಡುವ ಹದಿನಾರು ವಿಶ್ವವಿದ್ಯಾಲಯಗಳ ಗುಂಪು. ಟೆಕ್ಸಾಸ್ ಅದಕ್ಕೆ ಸೇರಿದ್ದೇ ಆ ವರ್ಷ. ಫೈನಲ್ 1994ರಿಂದ ಅಟ್ಲಾಂಟಾದಲ್ಲೇ ನಡೆಯುತ್ತದೆ, ಸಾಮಾನ್ಯವಾಗಿ ಡಿಸೆಂಬರ್‌ನ ಮೊದಲ ಶನಿವಾರ. ಈಗ ಮರ್ಸಿಡಿಸ್-ಬೆಂಝ್ ಸ್ಟೇಡಿಯಂನಲ್ಲಿ.

ಕಾರನ್ನು ಸ್ಟೇಡಿಯಂವರೆಗೆ ಒಯ್ಯಬೇಡಿ. ಪಶ್ಚಿಮದಿಂದ ಬರುವವರು ಹ್ಯಾಮಿಲ್ಟನ್ ಹೋಮ್ಸ್ ನಿಲ್ದಾಣದಲ್ಲಿ ನಿಲ್ಲಿಸಿ ಮಾರ್ಟಾ ರೈಲು ಹತ್ತಿ. ಬ್ಲೂ ಲೈನ್, ಎಲ್ಲೂ ಬದಲಾಯಿಸಬೇಕಿಲ್ಲ, ವೈನ್ ಸಿಟಿಯಲ್ಲಿ ಇಳಿದರೆ ಸ್ಟೇಡಿಯಂ ಎದುರಿಗೇ. ಹೋಗುವಾಗಲೇ ವಾಪಸ್ ಬರುವುದಕ್ಕೂ ರೈಲಿನ ಕಾರ್ಡಿಗೆ ದುಡ್ಡು ತುಂಬಿಸಿಕೊಳ್ಳಿ. ಆಟ ಮುಗಿದ ಮೇಲೆ ಟಿಕೆಟ್ ಮೆಷಿನ್ ಮುಂದಿನ ಸಾಲು ನೋಡಿದರೆ ಭಯವಾಗುತ್ತದೆ.

ಬ್ಯಾಗ್ ಒಳಗಿರುವುದು ಹೊರಗೆ ಕಾಣುವಂತಿರಬೇಕು, ಪಾರದರ್ಶಕ ಪ್ಲಾಸ್ಟಿಕ್ಕಿನದು. ನನ್ನ ಹೆಂಡತಿಯ ಬಟ್ಟೆಚೀಲ ಗೇಟಿನಲ್ಲೇ ನಿಂತಿತು. ಅದರಲ್ಲಿದ್ದ ಕೋಡುಬಳೆಯನ್ನು ಮೂವರೂ ನಿಂತಲ್ಲೇ ಕಡಿದು ಮುಗಿಸಿದೆವು, ಚೀಲ ಮಡಚಿ ನನ್ನ ಜೇಬಿಗೆ ಹೋಯಿತು. ಒಳಗೆ ನೋಟು ನಡೆಯುವುದಿಲ್ಲ, ಕಾರ್ಡ್ ಬೇಕು. ತಿಂಡಿ ಮಾತ್ರ ಅಗ್ಗ. ಸಸ್ಯಾಹಾರಿಗಳಿಗೆ ನಾಚೋಸ್, ಫ್ರೈಸೇ ಗತಿ. ಅದನ್ನು ಅರ್ಧ ಆಟ ಮುಗಿಯುವ ಮೊದಲೇ ತಂದುಬಿಡಿ. ವಿರಾಮದಲ್ಲಿ ವಿದ್ಯಾರ್ಥಿಗಳು ಡಾಕ್ಟರ್ ಪೆಪ್ಪರ್ ಎಂಬ ತಂಪು ಪಾನೀಯದ ದೊಡ್ಡ ಡಬ್ಬದ ತೂತಿಗೆ ಚೆಂಡು ಎಸೆಯುತ್ತಾರೆ, ಗೆದ್ದವರ ಫೀಸಿಗೆ 1 ಲಕ್ಷ ಡಾಲರ್! ನನಗೆ ಆಟಕ್ಕಿಂತ ಅದೇ ಜಾಸ್ತಿ ಟೆನ್ಷನ್ ಕೊಟ್ಟಿತು.

ನಾನು ಹಾಕಿಕೊಂಡಿದ್ದು ಕಿತ್ತಳೆ ಸ್ವೆಟರ್. ಕಿತ್ತಳೆ ಟೆಕ್ಸಾಸ್ ಬಣ್ಣ, ನಮ್ಮ ಸುತ್ತ ಪೂರ್ತಿ ಜಾರ್ಜಿಯಾದ ಕೆಂಪು. ಯಾರೂ ಏನೂ ಅನ್ನಲಿಲ್ಲ, ಹುಡುಗ ಮಾತ್ರ ಒಂದು ಸೀಟು ಆಚೆ ಕೂತ. ಸುಮ್ನೆ ಬಣ್ಣ ವಿಚಾರಿಸಿಕೊಂಡು ಹೊರಡಿ.

ಮೊದಲರ್ಧದ ಕೊನೆಯಲ್ಲಿ ಜಾರ್ಜಿಯಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕಾರ್ಸನ್ ಬೆಕ್‌ಗೆ ಪೆಟ್ಟಾಯಿತು. ಬದಲಿಗೆ ಬಂದ ಗನ್ನರ್ ಸ್ಟಾಕ್ಟನ್ ಆಟ ಎಳೆದುಕೊಂಡು ಹೋದ. 16–16ಕ್ಕೆ ಸಮ. ಹೆಚ್ಚುವರಿ ಆಟದಲ್ಲಿ ಇಬ್ಬರಿಗೂ 25 ಗಜದ ಗೆರೆಯಿಂದ ಒಂದೊಂದು ಅವಕಾಶ. ಟೆಕ್ಸಾಸ್ ಮೂರು ಪಾಯಿಂಟ್ ಗಳಿಸಿತು. ಆಮೇಲೆ ಸ್ಟಾಕ್ಟನ್ ತಲೆಗೆ ಬಿದ್ದ ಡಿಕ್ಕಿಗೆ ಹೆಲ್ಮೆಟ್ಟೇ ಹಾರಿತು. ನಿಯಮದಂತೆ ಅವನು ಒಂದು ಸಲ ಹೊರಗಿರಬೇಕು. ಪೆಟ್ಟಾಗಿದ್ದ ಕಾರ್ಸನ್ ಬೆಕ್ ತಾನೇ ಬಂದು ಚೆಂಡನ್ನು ಟ್ರೆವರ್ ಎಟಿಯನ್ ಕೈಗಿತ್ತ, ಎಟಿಯನ್ ಓಡಿ ಗೆಲ್ಲಿಸಿಬಿಟ್ಟ. 22–19. ನಿಯಮ ಅರ್ಧ ಗೊತ್ತಿದ್ದ ನನ್ನ ಹೆಂಡತಿಯೂ ಕುರ್ಚಿ ಮೇಲೆ ನಿಂತಿದ್ದಳು.

ರೂಮ್ ಬಗ್ಗೆ ಒಂದು ಮಾತು. ಆ ಸಲ ಎರಡನೇ ತಂಡ ಯಾವುದೆಂದು ಖಚಿತವಾಗಿದ್ದು ಹಿಂದಿನ ಶನಿವಾರ ರಾತ್ರಿ. ಆಮೇಲೆ ಹುಡುಕಿದರೆ ರೇಟು ಕೇಳಬೇಡಿ. ಉಚಿತವಾಗಿ ರದ್ದು ಮಾಡಬಹುದಾದ ರೂಮನ್ನು ಅಕ್ಟೋಬರ್‌ನಲ್ಲೇ ಹಿಡಿದಿಟ್ಟುಕೊಳ್ಳಿ. ನಾಲ್ಕು ಗಂಟೆಗೆ ಶುರುವಾದ ಆಟ ಮುಗಿದು, ರೈಲಿಗೆ ಕಾದು, ಕಾರು ಸಿಗುವಷ್ಟರಲ್ಲಿ ನಮಗೆ ಹಂಟ್ಸ್‌ವಿಲ್‌ವರೆಗೆ ಓಡಿಸುವ ಶಕ್ತಿ ಖಂಡಿತ ಇರಲಿಲ್ಲ.