ಕಾಫಿ ಸುಟ್ಟ ಕಾಲ

ಬೆಲೆ ಇನ್ನೂ ಏರುತ್ತದೆಂದು ನಂಬಿ, ಕಣದಲ್ಲಿ ಒಣಗಿಸಿದ ರೋಬಸ್ಟಾ ಚೆರಿಯನ್ನು (ಸಿಪ್ಪೆಸಹಿತ ಕಾಫಿ ಹಣ್ಣನ್ನು) ಮೂಟೆ ಕಟ್ಟಿಟ್ಟು, ಅದರ ಭರವಸೆಯ ಮೇಲೆಯೇ ಹೊಸ ಸಾಲ ಎತ್ತುವವರನ್ನು ನಮ್ಮ ಸೋಮವಾರಪೇಟೆಯ ಕಡೆ ಕಂಡಾಗಲೆಲ್ಲ ನನಗೆ 1929ರಲ್ಲಿ ಶುರುವಾದ ಆರ್ಥಿಕ ಮಹಾಕುಸಿತದ ವರ್ಷಗಳು ನೆನಪಾಗುತ್ತವೆ. ಕೊಳ್ಳುವವರಿಲ್ಲದೆ ಬ್ರೆಜಿಲ್ ಸರ್ಕಾರ 1931ರಿಂದ ಲಕ್ಷಾಂತರ ಮೂಟೆ ಕಾಫಿಯನ್ನು ಸುಟ್ಟುಹಾಕಿತು. ಕುಸಿತದ ಬಿಸಿ ತಟ್ಟಿದ ನಮ್ಮಲ್ಲಿ 1935ರಲ್ಲಿ, ಕಾಫಿಯ ಮಾರಾಟ ಹೆಚ್ಚಿಸುವ ನಿಧಿಗಾಗಿ ಸುಂಕ ವಿಧಿಸುವ ಕಾಫಿ ಸೆಸ್ ಕಾಯಿದೆ ಬಂತು. ಅಮೆರಿಕದಲ್ಲಂತೂ ಷೇರುಪೇಟೆ ಬಿದ್ದ ಮೇಲಿನ ವರ್ಷಗಳಲ್ಲಿ, ಠೇವಣಿದಾರರು ಹೆದರಿ ಹಣ ಹಿಂತೆಗೆಯಲು ಸಾಲುಗಟ್ಟಿದ್ದರಿಂದ ಸಾವಿರಾರು ಬ್ಯಾಂಕುಗಳು ಬಾಗಿಲು ಮುಚ್ಚಿದವು, ಅಲ್ಲಿನ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್ ಬಹುಮಟ್ಟಿಗೆ ಕೈಕಟ್ಟಿ ನೋಡುತ್ತಿತ್ತು. 2008ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ಮುಳುಗಿದಾಗ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದ ಬೆನ್ ಬರ್ನಾಂಕೆ ಆ ಮಹಾಕುಸಿತವನ್ನೇ ಅಧ್ಯಯನ ಮಾಡಿದವರಾದ್ದರಿಂದ, ತಡಮಾಡದೆ ಬ್ಯಾಂಕುಗಳಿಗೆ ಹಣ ಹರಿಸಿದರು. ಆದರೆ ಗೃಹಸಾಲದ ತೊಂದರೆ ಹೆಚ್ಚು ಹಬ್ಬಲಾರದೆಂದು 2007ರ ಮಾರ್ಚ್‌ನಲ್ಲಿ ಅಂದಾಜಿಸಿದ್ದವರೂ (ಅವರನ್ನು ಹೊಗಳುವವರು ಇದನ್ನು ಹೇಳುವುದಿಲ್ಲ) ಅವರೇ.