ಹೆದ್ದಾರಿಯಿಂದ ಅನಾರೋಗ್ಯದವರೆಗೆ: ಒಂದು ಉಪಸರ್ಗ ಪಾಠ

ಉಪಸರ್ಗ, ಎಂದರೆ ಪದದ ಎಡಕ್ಕೆ ಸೇರಿ ಅರ್ಥ ಬದಲಿಸುವ ತುಂಡು, ಹೇಳಿಕೊಡಲು ಹೊರಟಾಗ ಎಲ್ಲರ ಕೈಗೂ ಮೊದಲು ಸಿಗುವ ಉದಾಹರಣೆ ‘ಹಾರ’. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಅಂತ ಬೋರ್ಡಿನ ಮೇಲೆ ಸಾಲಾಗಿ ಬರೆದರೆ ನೋಡಲು ಚಂದವೇ. ಆದರೆ ನಾಲ್ಕನೇ ತರಗತಿಯ ಮಗುವಿಗೆ ಹಾರ ಎಂದರೆ ಕೊರಳಿಗೆ ಹಾಕುವ ಮಾಲೆ. ಸಂಹಾರಕ್ಕೂ ಮಾಲೆಗೂ ಏನು ಸಂಬಂಧ ಎಂದು ಮಗು ಕೇಳಿದರೆ ಸಂಸ್ಕೃತದ ‘ಹೃ’ ಧಾತುವಿನವರೆಗೆ ಹೋಗಬೇಕಾಗುತ್ತದೆ. ಅಷ್ಟು ದೂರ ಆ ವಯಸ್ಸಿಗೆ ಬೇಡ. ಪಟ್ಟಿ ಬಾಯಿಪಾಠವಾದೀತು, ಪದ ಕಟ್ಟುವುದು ಮಾತ್ರ ಬಾರದು. ಹಾಗಾಗಿ ನಲವತ್ತು ನಿಮಿಷದ ಈ ಪಾಠವನ್ನು ಮಕ್ಕಳು ದಿನವೂ ಬಿಡಿಯಾಗಿ ಆಡುವ ಪದಗಳ ಮೇಲೆಯೇ ಕಟ್ಟಿದ್ದು.

ಮೊದಲ ಹತ್ತು ನಿಮಿಷ ಚೀಟಿಯೂ ಇಲ್ಲ, ಪುಸ್ತಕವೂ ಇಲ್ಲ, ಬರೀ ಬಾಯಿಮಾತು. ದೊಡ್ಡ ದಾರಿಗೆ ಏನಂತಾರೆ? ಹೆದ್ದಾರಿ. ದೊಡ್ಡ ಮರ? ಹೆಮ್ಮರ. ದೊಡ್ಡ ಬಾಗಿಲು, ದೊಡ್ಡ ಬೆರಳು, ದೊಡ್ಡ ಜೇನು? ಹೆಬ್ಬಾಗಿಲು, ಹೆಬ್ಬೆರಳು, ಹೆಜ್ಜೇನು. ಐದನ್ನೂ ಒಂದರ ಕೆಳಗೊಂದು ಬರೆದು, ಎಡಕ್ಕೆ ಏನು ಬಂತು, ಒಳಗೆ ಏನು ಬದಲಾಯಿತು ಎಂದು ಕೇಳಿದರೆ ಸಾಕು. ‘ಹೆ’ ಬಂದಿದೆ, ಪದದ ಮೊದಲ ವ್ಯಂಜನ ಎರಡು ಸಲ ಬಂದಿದೆ ಎಂಬುದನ್ನು ಮಕ್ಕಳೇ ಹಿಡಿಯುತ್ತಾರೆ. ಕೂಡಲೇ ‘ಬಂಡೆ’ ಕೊಡಿ, ‘ಹೆಬ್ಬಂಡೆ’ ಬರುತ್ತದೆ. ಹಿಂದಿನ ಬೆಂಚಿನಿಂದ ‘ಹೆಮ್ಮನೆ’ಯೂ ಬಂತು. ಇದನ್ನು ತಪ್ಪು ಎಂದು ಅಳಿಸುವ ಹಾಗಿಲ್ಲ: ಕಟ್ಟಿದ ರೀತಿ ಸರಿ, ಬಳಕೆಯಲ್ಲಿ ಇಲ್ಲ, ಅಷ್ಟೇ. ಈ ವ್ಯತ್ಯಾಸವನ್ನು ಆಗಲೇ ಹೇಳಿಬಿಡಬೇಕು, ಮುಂದೆ ಪದೇ ಪದೇ ಬೇಕಾಗುತ್ತದೆ.

ವ್ಯಾಕರಣದ ಲೆಕ್ಕದಲ್ಲಿ ಈ ‘ಹೆ’ ಉಪಸರ್ಗವೇ ಅಲ್ಲ. ‘ಹಿರಿದು’ ಎಂಬ ಪದ ಸಮಾಸದಲ್ಲಿ ಹಾಗೆ ಕಿರಿದಾಗಿ ನಿಂತಿದೆ. ಅಷ್ಟೇಕೆ, ‘ಅಸತ್ಯ’ದ ‘ಅ’ ಕೂಡ ಸಂಸ್ಕೃತದವರು ಎಣಿಸುವ 22 ಉಪಸರ್ಗಗಳಲ್ಲಿ ಸೇರುವುದಿಲ್ಲ. ಇದು ಶಿಕ್ಷಕರಿಗೆ ಗೊತ್ತಿದ್ದರೆ ಸಾಕು. ಪದದ ಎಡಕ್ಕೆ ಒಂದು ತುಂಡು ಸೇರಿ ಅರ್ಥ ಬದಲಾಗುತ್ತದೆ ಎಂಬ ತಿಳಿವಳಿಕೆ ಮಕ್ಕಳಿಗೆ ಬರಲು ಹೆಸರಿನ ಹಂಗಿಲ್ಲ.

ಆಮೇಲೆ ಚೀಟಿ. ಐದೈದು ಮಕ್ಕಳ ಗುಂಪಿಗೆ ಒಂದೊಂದು ಕವರ್. ಅದರಲ್ಲಿ ಕೆಂಪು ಶಾಯಿಯ ನಾಲ್ಕು ಚೀಟಿ: ಅ, ಅನ್, ದುರ್, ಉಪ. ನೀಲಿ ಶಾಯಿಯ ಹನ್ನೆರಡು: ನ್ಯಾಯ, ಸತ್ಯ, ಶಾಂತಿ, ಆರೋಗ್ಯ, ಅಗತ್ಯ, ಉಪಯುಕ್ತ, ಗುಣ, ಆಸೆ, ನದಿ, ನಾಯಕ, ಬಿಸಿ, ಮನೆ. ಜೊತೆಗೆ ಹತ್ತು ಖಾಲಿ ಚೀಟಿ. ಕೊನೆಯ ಎರಡು ನೀಲಿ ಪದಗಳಿಗೆ ಯಾವ ಕೆಂಪು ಚೀಟಿಯೂ ಹೊಂದುವುದಿಲ್ಲ. ಬೇಕೆಂದೇ ಹಾಕಿದ್ದು. ಎಲ್ಲವೂ ಸೇರುವ ಹಾಗಿದ್ದರೆ ಮಕ್ಕಳು ಅರ್ಥ ನೋಡುವುದಿಲ್ಲ, ಜೋಡಿಸಿ ಮುಗಿಸುತ್ತಾರೆ. ಇನ್ನೊಂದು ಸಣ್ಣ ವಿಷಯ: “ಕೆಂಪು ಚೀಟಿಯನ್ನು ಪದದ ಮುಂದೆ ಇಡಿ” ಎಂದರೆ ಒಂದಷ್ಟು ಮಕ್ಕಳು ಬಲಗಡೆ ಇಡುತ್ತಾರೆ. ಓದುವವರಿಗೆ ಮುಂದೆ ಎಂದರೆ ಬಲಗಡೆಯೇ ತಾನೇ! “ಎಡಗಡೆ ಇಡಿ” ಎನ್ನುವುದೇ ಸರಿ.

ನ್ಯಾಯ, ಸತ್ಯ, ಶಾಂತಿ ಸಲೀಸು. ಸಿಕ್ಕು ಶುರುವಾಗುವುದು ಆರೋಗ್ಯದಲ್ಲಿ. ‘ಅ’ ಇಟ್ಟು ಜೋರಾಗಿ ಓದಿದರೆ “ಅಆರೋಗ್ಯ” ಅಂತ ನಾಲಿಗೆ ತಡೆಯುತ್ತದೆ. ಆ ತಡವರಿಕೆಯೇ ಪಾಠ, ಶಿಕ್ಷಕರು ಮಧ್ಯೆ ಬಾಯಿ ಹಾಕಬಾರದು. ಎರಡು ಸ್ವರ ಎದುರುಬದುರಾದಾಗ ನಡುವೆ ಏನೋ ಬೇಕು ಅನ್ನಿಸಿದ ಮೇಲೆ ‘ಅನ್’ ಚೀಟಿಯನ್ನು ತೋರಿಸಬೇಕು. “ಅನ್... ಆರೋಗ್ಯ” ಎಂದು ಬಿಡಿಸಿ ಹೇಳಿಸಿ, ಮೆಲ್ಲಗೆ ವೇಗ ಹೆಚ್ಚಿಸಿದರೆ ಮೂರನೆಯ ಸಲಕ್ಕೆ ‘ಅನಾರೋಗ್ಯ’ ತಾನಾಗಿ ಬಾಯಿಗೆ ಬರುತ್ತದೆ.

ಬಾಯಿಗೆ ಬಂದದ್ದು ಕೈಗೆ ಬರುತ್ತದೆ ಎಂದೇನಿಲ್ಲ. ಬರೆಯಲು ಹೇಳಿದರೆ ‘ಅನ್ಆರೋಗ್ಯ’, ‘ಅನ್ನಾರೋಗ್ಯ’ ಎರಡೂ ಕಾಣುತ್ತವೆ. ಚೀಟಿಯಲ್ಲಿ ಕಂಡದ್ದನ್ನು ಮಕ್ಕಳು ಹಾಗೇ ನಕಲು ಮಾಡಿರುತ್ತಾರೆ. ಇಂಗ್ಲಿಷಿನಂತೆ ಎರಡು ತುಂಡು ಪಕ್ಕಪಕ್ಕ ಇಟ್ಟರೆ ಪದವಾಗುವ ಲಿಪಿಯಲ್ಲ ನಮ್ಮದು. ನ್ ಮತ್ತು ಆ ಸೇರಿ ‘ನಾ’ ಎಂಬ ಬೇರೆಯೇ ರೂಪ ಬರುತ್ತದೆ. ಖಾಲಿ ಚೀಟಿ ಇರುವುದು ಇದಕ್ಕೇ: ಜೋಡಿಸಿದ ಚೀಟಿಗಳನ್ನು ಬೋರಲು ಹಾಕಿಸಿ, ಪದವನ್ನು ಒಮ್ಮೆ ಹೇಳಿಸಿ, ಕೇಳಿಸಿದ್ದನ್ನು ಖಾಲಿ ಚೀಟಿಯಲ್ಲಿ ಬರೆಸುವುದು. ಕಾಗುಣಿತ ಗಟ್ಟಿ ಇಲ್ಲದ ಮಗು ಇಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೆ ಬೇಕಾದ್ದು ಉಪಸರ್ಗವಲ್ಲ, ನ ನಾ ನಿ ನೀ.

‘ದುರ್’ ಇದಕ್ಕಿಂತ ಕಷ್ಟ. ದುರ್ ಮತ್ತು ಗುಣ ಸೇರಿದರೆ ದುರ್ಗುಣ. ಉಚ್ಚಾರದಲ್ಲಿ ‘ರ್’ ಮೊದಲು, ‘ಗು’ ಆಮೇಲೆ. ಬರವಣಿಗೆಯಲ್ಲಿ ಅರ್ಕಾವತ್ತು ‘ಗು’ ಆದ ಮೇಲೆ ಬರುತ್ತದೆ. ಕೆಂಪು ಚೀಟಿಯಲ್ಲಿದ್ದ ‘ರ್’ ನೀಲಿ ಪದದೊಳಕ್ಕೆ ಜಿಗಿದ ಹಾಗೆ. ಹೆಚ್ಚಿನ ಮಕ್ಕಳು ಅರ್ಕಾವತ್ತನ್ನು ‘ದು’ ಪಕ್ಕಕ್ಕೇ ಅಂಟಿಸುತ್ತಾರೆ, ಕೆಲವರು ಸರಿಯಾಗಿ ಬರೆದು ‘ದುಗುರ್ಣ’ ಎಂದು ಓದುತ್ತಾರೆ. ಬೋರ್ಡಿನ ಮೇಲೆ ಅರ್ಕಾವತ್ತನ್ನು ಕೆಂಪು ಸೀಮೆಸುಣ್ಣದಲ್ಲೇ ಬರೆದು, ಅಲ್ಲಿಂದ ‘ಗು’ ಮೇಲೆ ಹಾದು ಎಡಕ್ಕೆ ಒಂದು ಬಾಣ ಎಳೆದರೆ ಬಹುಪಾಲು ಗೊಂದಲ ಹೋಗುತ್ತದೆ. ಅದೇ ದುರ್ ‘ಆಸೆ’ಗೆ ಸೇರಿದಾಗ ಅರ್ಕಾವತ್ತೇ ಇಲ್ಲ, ದುರಾಸೆ. ಎರಡನ್ನೂ ಅಕ್ಕಪಕ್ಕ ಬರೆಸುವುದು ಒಳ್ಳೆಯದು.

‘ಉಪ’ ಚೀಟಿ ಇರಲೇಬೇಕು. ಅದು ಇಲ್ಲದಿದ್ದರೆ, ಎಡಕ್ಕೆ ಏನು ಸೇರಿದರೂ ವಿರುದ್ಧ ಪದವಾಗುತ್ತದೆ ಎಂದು ಮಕ್ಕಳು ತೀರ್ಮಾನಿಸುತ್ತಾರೆ. ಉಪನದಿ ನದಿಗೆ ವಿರುದ್ಧವಲ್ಲ, ಉಪನಾಯಕ ನಾಯಕನ ಶತ್ರುವೂ ಅಲ್ಲ. ಒಂದು ಗುಂಪು ಅನುಪಯುಕ್ತ ಬರೆದ ಮೇಲೆ ಅದರೊಳಗೆ ‘ಉಪ’ವೂ ಇದೆ ಎಂದು ಬೆರಳಿಟ್ಟು ತೋರಿಸಿತು. ಪಾಠದ ಯೋಜನೆಯಲ್ಲಿ ಇದಿರಲಿಲ್ಲ. ಇಂಥದ್ದಕ್ಕೆ ಎರಡು ನಿಮಿಷ ಬಿಟ್ಟುಕೊಡಬೇಕು.

‘ಬಿಸಿ’ಗೆ ‘ಅ’ ಹಚ್ಚಿ ‘ಅಬಿಸಿ’ ಮಾಡಿದವರೂ ಇದ್ದರು. ಬಿಸಿ ಇಲ್ಲದ ಹಾಲಿಗೆ ಹಾಗೆ ಹೇಳುತ್ತೀರಾ ಎಂದರೆ ನಗು. ಕನ್ನಡದ್ದೇ ಪದಗಳಲ್ಲಿ ‘ಇಲ್ಲ’ ಎನ್ನುವುದು ಬಲಗಡೆ ಬರುತ್ತದೆ: ಬಿಸಿಯಿಲ್ಲದ, ಕಾಣದ, ಬಾರದ. ಎಡಗಡೆಯ ‘ಅ’ ಸಾಮಾನ್ಯವಾಗಿ ಸಂಸ್ಕೃತದಿಂದ ಬಂದ ಪದಗಳಿಗೆ ಮಾತ್ರ. ಯಾವುದು ಎಲ್ಲಿಂದ ಬಂತು ಎಂದು ಮಗುವಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಪದವನ್ನು ಒಂದು ವಾಕ್ಯದಲ್ಲಿ ಹಾಕಿಸಿದರೆ ಕಿವಿಯೇ ಹೇಳಿಬಿಡುತ್ತದೆ.

ತಿರುಗುಮುರುಗು ಆಟಕ್ಕೆ, ಎಂದರೆ ಪದ ಕೊಟ್ಟು ಒಡೆಯಿರಿ ಎನ್ನುವುದಕ್ಕೆ, ಕೊನೆಯ ಎಂಟು ನಿಮಿಷ. ಎಡತುಂಡು ಮುಚ್ಚಿದಾಗ ಉಳಿದದ್ದು ಪದವಾಗಬೇಕು, ಅದರ ಅರ್ಥ ಇಡೀ ಪದದಲ್ಲಿ ಕಾಣಬೇಕು. ಅಡುಗೆಯಲ್ಲಿ ‘ಡುಗೆ’ ಉಳಿಯುತ್ತದೆ, ಬಿತ್ತು. ಅರಸದಲ್ಲಿ ‘ರಸ’ ಉಳಿಯುತ್ತದೆ, ಆದರೆ ಅರಸನಿಗೂ ರಸಕ್ಕೂ ನಂಟಿಲ್ಲ, ಅದೂ ಬಿತ್ತು. ಆಗ ಬಂದ ಪ್ರಶ್ನೆ: “ಮಿಸ್, ಅಮರ ಅಂದ್ರೆ ಮರ ಇಲ್ಲದ ಜಾಗಾನಾ?” ಒಡೆದದ್ದು ಸರಿಯಾಗಿಯೇ ಇದೆ. ಆ ‘ಮರ’ ಮಾತ್ರ ಗಿಡಮರದ್ದಲ್ಲ, ಮರಣಕ್ಕೆ ಸಂಬಂಧಪಟ್ಟದ್ದು. ‘ಅಮೂಲ್ಯ’ವೂ ಹೀಗೇ ಎಡವಿಸುತ್ತದೆ. ಬೆಲೆ ಇಲ್ಲದ್ದು ಎಂದು ಬಿಡಿಸಿದರೆ ಕಸವಾಯಿತು, ಬೆಲೆ ಕಟ್ಟಲಾಗದ್ದು ಎಂದೇ ಹೇಳಿಕೊಡಬೇಕು.

ಕವರಿಗೆ ಹಾಕಬಾರದ ಕೆಲವು ಪದಗಳಿವೆ. ‘ಉಚಿತ’ ಎಂದರೆ ಮಕ್ಕಳಿಗೆ ಗೊತ್ತಿರುವುದು ಪುಕ್ಕಟೆ ಎಂಬ ಅರ್ಥ, ಹಾಗಾಗಿ ಅನುಚಿತ ಎಂದರೆ ದುಡ್ಡು ಕೊಡಬೇಕಾದದ್ದು ಎನ್ನುತ್ತಾರೆ. ಸುಲಭ–ದುರ್ಲಭ ಜೋಡಿಯೂ ಬೇಡ, ಅವರ ಮಾತಿನಲ್ಲಿ ಸುಲಭಕ್ಕೆ ವಿರುದ್ಧ ಕಷ್ಟ. ದುಷ್ಪರಿಣಾಮ, ದುಶ್ಚಟ, ದುಸ್ಸಾಹಸಗಳಲ್ಲಿ ‘ದುರ್’ ವೇಷ ಬದಲಿಸುತ್ತದೆ, ಅವನ್ನು ಐದನೇ ತರಗತಿಗೆ ಇಟ್ಟುಕೊಳ್ಳಬಹುದು. ಪ್ರತಿದಿನ, ಪ್ರತಿಧ್ವನಿ ಈಗಲೇ ಆದೀತು, ಪ್ರತ್ಯುತ್ತರ ಮಾತ್ರ ‘ಇ’ ಹೋಗಿ ‘ಯ್’ ಬರುವ ಯಣ್ ಸಂಧಿಯ ಪಾಠ ಬರುವವರೆಗೆ ಕಾಯಲಿ.