ಇಂಜಿನ್ ಕವರ್‌ಗೆ ಹೊಳಪು ಕೊಡುವ ಮೊದಲು

ಗೋಣಿಕೊಪ್ಪದ ನಮ್ಮ ಗ್ಯಾರೇಜಿಗೆ ಮಳೆ ಮುಗಿದ ಮೇಲೆ ಹಳೇ ಬೈಕುಗಳು ಬರುವುದು ಜಾಸ್ತಿ. ಬುಲೆಟ್, ಆರ್‌ಎಕ್ಸ್ 100, ಜೊತೆಗೆ 1996ರಲ್ಲಿ ಮುಚ್ಚಿದ ಮೈಸೂರಿನ ಫ್ಯಾಕ್ಟರಿಯ ಯೆಜ್ಡಿ. ಗಾಡಿ ಚೆನ್ನಾಗೇ ಓಡುತ್ತಿರುತ್ತದೆ, ಅಲ್ಯೂಮಿನಿಯಂ ಕವರ್ ಮಾತ್ರ ಕಳೆಗುಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಶೆಡ್ಡಿನಲ್ಲಿ ತೇವ ಆರುವುದೇ ಇಲ್ಲ ಅಲ್ವಾ? ಕವರ್ ಮೇಲಿನ ಲ್ಯಾಕರ್‌ನಲ್ಲಿ, ಅಂದರೆ ಲೋಹ ಕಾಯುವ ಪಾರದರ್ಶಕ ಪದರದಲ್ಲಿ, ಸಣ್ಣ ಗೀರು ಬಿದ್ದರೂ ನೀರು ಅಡಿಗೆ ಇಳಿಯುತ್ತದೆ. ಆಮೇಲೆ ಹುಳ ಹರಿದ ಹಾಗೆ ಬಿಳಿ ಗೆರೆಗಳು ಏಳುತ್ತವೆ.

"ಸುಮ್ನೆ ಬಫ್ ಹೊಡೆದು ಕೊಡಿ" ಅನ್ನುತ್ತಾರೆ ಮಾಲೀಕರು. ಬಫ್ ಅಂದರೆ ತಿರುಗುತ್ತಾ ಹೊಳಪು ಕೊಡುವ ಬಟ್ಟೆಯ ಚಕ್ರ. ಹಾಗೆ ಮಾಡಿದರೆ ಬಿಸಿಗೆ ಲ್ಯಾಕರ್ ಮೆತ್ತಗಾಗಿ ಬಫ್‌ಗೇ ಮೆತ್ತಿಕೊಳ್ಳುತ್ತದೆ. ಹಳೇ ಪದರ ಪೂರ್ತಿ ಹೋಗಲೇಬೇಕು.

ನಾವು ಜೆಲ್ಲಿಯಂಥ ಪೇಂಟ್ ರಿಮೂವರ್ ದಪ್ಪಗೆ ಹಚ್ಚಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತೇವೆ. ಪದರ ಉಬ್ಬಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಸೋಪು ನೀರಲ್ಲಿ ತೊಳೆಯುತ್ತೇವೆ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್ ಆದರೆ ಅದರ ಆವಿ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಮಳೆ ಅಂತ ಬಾಗಿಲು ಹಾಕಿಕೊಂಡು ಈ ಕೆಲಸ ಮಾಡಲೇಬೇಡಿ. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ.

ಕೆಲಸ ಕಲಿಯುವ ಹುಡುಗ ಕೇಳಿದ: "ಅಣ್ಣಾ, ಕಾಸ್ಟಿಕ್ ಸೋಡಾ ನೀರಲ್ಲಿ ಅದ್ದಿದ್ರೆ ಬೇಗ ಆಗಲ್ವಾ?"

ಬೇಗ ಆಗುತ್ತದೆ, ಬಣ್ಣದ ಜೊತೆ ಲೋಹವೂ ಹೋಗುತ್ತದೆ. ಸೋಡಾ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ನೊರೆಯಾಗಿ ಮೇಲೇಳುವುದು ಹೈಡ್ರೋಜನ್, ಬೆಂಕಿ ಹತ್ತುವ ಗ್ಯಾಸು. ಸ್ಕ್ರೂ ಥ್ರೆಡ್‌ಗಳು, ಗ್ಯಾಸ್ಕೆಟ್ (ಆಯಿಲ್ ಸೋರದಂತೆ ನಡುವೆ ಇಡುವ ಪದರ) ಕೂರುವ ಮುಖ ಎಲ್ಲ ಸವೆದುಹೋಗುತ್ತವೆ. ಸ್ಯಾಂಡ್ ಬ್ಲಾಸ್ಟ್ (ಜೋರಾಗಿ ಮರಳು ಎರಚಿ ಪದರ ತೆಗೆಯುವುದು) ಮಾಡಿಸುವವರಿಗೂ ಒಂದು ಮಾತು: ಆಯಿಲ್ ದಾರಿಯಲ್ಲಿ ಒಂದಿಷ್ಟು ಮರಳು ಉಳಿದರೂ ಬೇರಿಂಗ್ ಹಾಳು. ಹೊರಗಿನ ಬಿಡಿ ಕವರ್‌ಗೆ ಆಗಬಹುದು, ಇಂಜಿನ್ನಿನ ಮುಖ್ಯ ಪೆಟ್ಟಿಗೆಯಾದ ಕ್ರಾಂಕ್‌ಕೇಸ್‌ಗೆ ಬೇಡ.

ಲ್ಯಾಕರ್ ಹೋದ ಮೇಲೂ ಮಲ್ಟಿಮೀಟರ್‌ನಲ್ಲಿ ಕರೆಂಟ್ ಹರಿಯುತ್ತಿಲ್ಲ ಅಂದರೆ ಅದು ಆನೋಡೈಸ್ ಆದ (ಕರೆಂಟ್ ಹಾಯಿಸಿ ಗಟ್ಟಿ ಆಕ್ಸೈಡ್ ಪದರ ಬೆಳೆಸಿದ) ಭಾಗ ಇರಬಹುದು. ರಿಮೂವರ್‌ಗೆ ಅದು ಬಗ್ಗುವುದಿಲ್ಲ. ಅದನ್ನು ತಿಳಿದವರ ಕೈಗೇ ಕೊಡಬೇಕು.

ಮುಂದಿನದು ತಾಳ್ಮೆಯ ಕೆಲಸ. ನೀರು ಹಾಕಿ ಉಜ್ಜುವ ವಾಟರ್ ಪೇಪರ್ 320, 400, 600, 800, 1000; ನಂಬರ್ ಏರಿದಷ್ಟೂ ನಯ. ಪ್ರತಿ ಸಲ ಉಜ್ಜುವ ದಿಕ್ಕು ಅಡ್ಡಕ್ಕೆ ತಿರುಗಿಸಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ಗೊತ್ತಾಗುತ್ತದೆ. ಗ್ಯಾಸ್ಕೆಟ್ ಮುಖಕ್ಕೆ ಪೇಪರ್ ತಾಗಿಸುವುದಿಲ್ಲ, ಆಯಿಲ್ ಸೋರುತ್ತದೆ. ಕಬ್ಬಿಣದ ಬ್ರಷ್ ಕೂಡ ಬೇಡ. ಅದರ ಚೂರುಗಳು ಲೋಹದಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆ ಬರುತ್ತದೆ.

ಕೊನೆಗೆ ಯಾವ ಫಿನಿಶ್? ಕನ್ನಡಿ ಹೊಳಪು ನೋಡಲು ಚೆಂದ, ಆದರೆ ದಿನವೂ ತೋಟಕ್ಕೆ ಹೋಗುವ ಬೈಕಿಗೆ ನಾನು ಅದನ್ನು ಹೇಳುವುದಿಲ್ಲ. ಅಷ್ಟು ನಯವಾದ ಮೇಲ್ಮೈಗೆ ಹೊಸ ಲ್ಯಾಕರ್ ಸರಿಯಾಗಿ ಹಿಡಿಯುವುದೂ ಇಲ್ಲ. 600ಕ್ಕೇ ನಿಲ್ಲಿಸಿ, ಸ್ಕಾಚ್‌ಬ್ರೈಟ್‌ನಲ್ಲಿ ಒಂದೇ ದಿಕ್ಕಿಗೆ ಎಳೆದು, ವ್ಯಾಕ್ಸ್ ಹಚ್ಚಿ ಕೊಡುತ್ತೇನೆ. ಮಂಕಾದರೆ ಮಾಲೀಕರೇ ಮನೆಯಲ್ಲಿ ಹಾಗೇ ಉಜ್ಜಿಕೊಳ್ಳಬಹುದು. ಬಣ್ಣವೇ ಬೇಕು ಅನ್ನುವವರಿಗೆ ಮೊದಲು ಎಟ್ಚ್ ಪ್ರೈಮರ್ (ಲೋಹವನ್ನು ತುಸು ಕೊರೆದು ಹಿಡಿದುಕೊಳ್ಳುವ ಮೊದಲ ಕೋಟು), ಅದರ ಮೇಲೆ ಬಿಸಿ ತಡೆಯುವ ಸಿಲ್ವರ್ ಪೇಂಟ್. ಉಜ್ಜಿದ ತಕ್ಷಣ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪೊರೆ ಕಟ್ಟಲು ಶುರುವಾಗುತ್ತದೆ. ಅದಕ್ಕೇ ಪ್ರೈಮರ್ ಅದೇ ದಿನ ಹೊಡೆಯುತ್ತೇವೆ, ನಾಳೆಗೆ ಇಡುವುದಿಲ್ಲ.